ಮನೆ ಗೆದ್ದು ಮಾರು ಗೆಲ್ಲುವುದೆಂದರೆ...

ಬೇಲೂರಿನ ಬಸ್ ಸ್ಟಾಂಡಿನಲ್ಲಿ ಬೆಳಗ್ಗೆ ಏಳೂವರೆ ಗಂಟೆಗೆ ಒಮ್ಮೆ ನಿಂತು ನೋಡಿ. ಹಾಸನದ ಬಸ್ಸಿಗೆ ಕಾದಿರುವ ಹೆಂಗಸರಲ್ಲಿ ಕೆಲವರ ಹೆಗಲಚೀಲ ಕೊಂಚ ಹೆಚ್ಚೇ ಉಬ್ಬಿರುತ್ತದೆ. ಊಟದ ಡಬ್ಬಿಯ ಪಕ್ಕದಲ್ಲಿ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟು, ಅದರ ಮೇಲೆ ಮಗುವಿನ ಕೆಮ್ಮಿನ ಔಷಧಿಯ ಚೀಟಿ. ಇವರು ಕಾಲೇಜಿನಲ್ಲಿ ಪಾಠ ಹೇಳುವವರು, ಸಂಶೋಧನೆ ಮಾಡುತ್ತಿರುವವರು. ನಾಲ್ಕೂವರೆಗೆ ಎದ್ದು, ತಿಂಡಿ ಮಾಡಿ, ಮಗುವಿಗೆ ಜಡೆ ಹೆಣೆದು ಬಂದವರು. ನಮ್ಮ ಚೆನ್ನಕೇಶವನ ಗುಡಿಯ ಶಿಲಾಬಾಲಿಕೆಯರನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಬಸ್ಸಿನ ಕಂಬಿಗೆ ಒಂದು ಕೈ, ಪುಸ್ತಕಕ್ಕೆ ಒಂದು ಕೈ ಕೊಟ್ಟು ಓಲಾಡುತ್ತ ನಿಂತ ಈ ತ್ರಿಭಂಗಿಯನ್ನು ಯಾರು ತಾನೆ ನೋಡುತ್ತಾರೆ!

ನಾನೂ ಹೀಗೆ ಓಡಾಡಿದವಳೇ. ಎರಡು ಮಕ್ಕಳ ತಾಯಿ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಪಿಎಚ್.ಡಿ. ಮಾಡಿದೆ, ಈಗ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಎಲ್ಲಿಗೆ ಹೋದರೂ, ಅರಿಶಿನ ಕುಂಕುಮಕ್ಕೆ ಹೋದರೂ, ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಮನೆ, ಮಕ್ಕಳು, ಓದು, ಎಲ್ಲಾನೂ ಹೇಗ್ರೀ ತೂಗಿಸ್ತೀರಿ?” ಇದೇ ಕಾಲೇಜಿನಲ್ಲಿ ಪಾಠ ಹೇಳುವ, ಎರಡು ಮಕ್ಕಳ ತಂದೆಯಾದವರನ್ನು ಈ ಪ್ರಶ್ನೆ ಕೇಳಿದವರನ್ನು ನಾನಂತೂ ಕಂಡಿಲ್ಲ. ನೀವು ಕಂಡಿದ್ದೀರಾ?

“ಮನೆ ಗೆದ್ದು ಮಾರು ಗೆಲ್ಲು” ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಈ ಗಾದೆಯನ್ನು ನಮಗೆ, ಹೆಂಗಸರಿಗೆ ಹೇಳಿಕೊಟ್ಟ ಅರ್ಥ ಒಂದೇ. ಮೊದಲು ಮನೆಗೆಲಸವನ್ನೆಲ್ಲ ಒಂದು ಚೂರೂ ಕೊರತೆಯಿಲ್ಲದಂತೆ ಮುಗಿಸು, ಆಮೇಲೆ ಹೊರಗಿನದನ್ನು ನೋಡು ಎಂದು. ಮನೆಗೆಲಸ ಎಂದಾದರೂ ಮುಗಿಯುತ್ತದೆಯೇ ಹೇಳಿ? ತೊಳೆದಿಟ್ಟ ಪಾತ್ರೆ ಸಂಜೆಗೆ ಮತ್ತೆ ಮುಸುರೆ. ಆ ಲೆಕ್ಕದಲ್ಲಿ ಮಾರು ಗೆಲ್ಲುವ ದಿನ ಬರುವುದೇ ಇಲ್ಲ! ಗಾದೆ ಸುಳ್ಳಲ್ಲ, ನಾವು ಮಾಡಿಕೊಂಡ ಅರ್ಥ ತಪ್ಪು. ಮನೆ ಗೆಲ್ಲುವುದೆಂದರೆ ಮನೆಯ ಕೆಲಸ ಗೆಲ್ಲುವುದಲ್ಲ, ಮನೆಯ ಜನರನ್ನು ನಮ್ಮ ಕಡೆ ಮಾಡಿಕೊಳ್ಳುವುದು. ಈ ಮಾತು ನನಗೆ ತಿಳಿಯಲು ಆರು ವರ್ಷ ಬೇಕಾಯಿತು. ನಿಮಗೆ ಅಷ್ಟು ತಡವಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಅಜ್ಜಿ ಹಾಕಿದ ಅಡಿಪಾಯ

ಮೊದಲು, ಓದಿನಲ್ಲಿ ದೊಡ್ಡ ಹೆಸರು ಮಾಡಿದ ತಾಯಂದಿರ ಮನೆಯೊಳಗೆ ಒಂದಿಷ್ಟು ಇಣುಕಿ ನೋಡೋಣ.

ರಾಜೇಶ್ವರಿ ಚಟರ್ಜಿ ಅವರ ಹೆಸರು ಕೇಳಿದ್ದೀರಾ? ಹೆಸರು ಬಂಗಾಳಿಯಾದರೂ ಅವರು ನಮ್ಮವರೇ, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು. ಹುಟ್ಟಿದ್ದು 1922ರಲ್ಲಿ. ಆ ಕಾಲದಲ್ಲಿ ಹುಡುಗಿಗೆ ಅಕ್ಷರ ಬಂದರೆ ಸಾಕು ಎನ್ನುತ್ತಿದ್ದರು. ಆದರೆ ರಾಜೇಶ್ವರಿಯವರಿಗೆ ಒಬ್ಬ ಅಜ್ಜಿಯಿದ್ದರು, ಕಮಲಮ್ಮ ದಾಸಪ್ಪ ಎಂದು. ಹಳೆಯ ಮೈಸೂರು ಸಂಸ್ಥಾನದಲ್ಲಿ ಮೊಟ್ಟಮೊದಲು ಪದವಿ ಪಡೆದ ಕೆಲವೇ ಹೆಂಗಸರಲ್ಲಿ ಅವರೂ ಒಬ್ಬರು. ಹೆಣ್ಣುಮಕ್ಕಳ ವಿದ್ಯೆಗಾಗಿ, ಗಂಡನನ್ನು ಕಳೆದುಕೊಂಡ, ಗಂಡ ಬಿಟ್ಟುಹೋದ ಹೆಂಗಸರಿಗಾಗಿ ದುಡಿದವರು. ಮೊಮ್ಮಗಳ ಓದು ಶುರುವಾದದ್ದು ಅಜ್ಜಿಯ ಶ್ರಮದಿಂದ ಬೆಳೆದ ಶಾಲೆಯಲ್ಲೇ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಮೊದಲಿಗರಾದ ಹುಡುಗಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ನಮ್ಮ ಹಿರಿಯರು ಈಗಲೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುತ್ತಾರಲ್ಲ, ಅದೇ. 1947ರಲ್ಲಿ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮದುವೆಯಾಗದ ಹುಡುಗಿ ಒಬ್ಬಳೇ ಸಮುದ್ರ ದಾಟುವುದೆಂದರೆ! ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ಊರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಅದೇ ವರ್ಷ ಅದೇ ವಿಭಾಗದ ಸಿಸಿರ್ ಕುಮಾರ್ ಚಟರ್ಜಿಯವರ ಕೈಹಿಡಿದರು.

ಗಂಡಹೆಂಡಿರಿಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ಇಂದು ಕೆಲವರ ಅಡಿಗೆಮನೆಯಲ್ಲಿ ತಣ್ಣಗಿನ ಅನ್ನವನ್ನು ಬಿಸಿ ಮಾಡುವುದೂ, ರೇಡಾರಿನಲ್ಲಿ ವಿಮಾನದ ಜಾಡು ಹಿಡಿಯುವುದೂ ಆ ಜಾತಿಯ ಅಲೆಗಳೇ. ಅವರಿಗೊಬ್ಬ ಮಗಳು ಹುಟ್ಟಿದಳು, ಇಂದಿರಾ. ತಾಯಿಯಾದ ಮೇಲೆ ರಾಜೇಶ್ವರಿಯವರ ಕೆಲಸ ನಿಂತಿತೇ? 1982ರಲ್ಲಿ ನಿವೃತ್ತರಾಗುವ ಹೊತ್ತಿಗೆ 20 ಮಂದಿ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದ್ದರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ ಅವರ ಹೆಸರಿನಲ್ಲಿವೆ. ನಿವೃತ್ತಿಯ ನಂತರ ಹೆಣ್ಣುಮಕ್ಕಳ ಕೆಲಸಕ್ಕೆ ಕೈಹಾಕಿದರು, ಅಜ್ಜಿಯ ದಾರಿ ನೋಡಿ! 2010ರಲ್ಲಿ ತೀರಿಕೊಂಡರು. ‘ಅಮ್ಮ ಕೆಲಸಕ್ಕೆ ಹೋದರೆ ಮಕ್ಕಳು ಹಾಳಾಗುತ್ತಾರೆ’ ಎನ್ನುವವರಿಗೆ ಒಂದು ಮಾತು: ಆ ಮಗಳು ಇಂದಿರಾ ಚಟರ್ಜಿ ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರ್ ಆದರು.

ಈ ಕಥೆಯಲ್ಲಿ ಬುದ್ಧಿವಂತಿಕೆಯೊಂದನ್ನೇ ನೋಡಬೇಡಿ. ಹಿಂದೆ ಅಜ್ಜಿಯಿದ್ದಳು, ಪಕ್ಕದಲ್ಲಿ ಹೆಂಡತಿಯ ಕೆಲಸದ ಬೆಲೆ ಬಲ್ಲ ಗಂಡನಿದ್ದ. ಅದನ್ನೂ ನೋಡಿ.

ಮಗು ನೋಡಿಕೊಂಡ ಮಾವ

ಇನ್ನೊಂದು ಮನೆ, ದೂರದ ಪ್ಯಾರಿಸ್ಸಿನದು. ಎರಡು ಸಲ ನೊಬೆಲ್ ಬಹುಮಾನ ಪಡೆದ ಮೇರಿ ಕ್ಯೂರಿಯ ಹೆಸರು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. ಮೊದಲ ಮಗಳು ಐರೀನ್ ಹುಟ್ಟಿದ್ದು 1897ರಲ್ಲಿ, ಮೇರಿ ರೇಡಿಯಂ ಕಂಡುಹಿಡಿಯುವ ಕೆಲಸಕ್ಕೆ ತೊಡಗುವ ಹೊತ್ತಿನಲ್ಲೇ. ಹಾಗಾದರೆ ಕೂಸನ್ನು ನೋಡಿಕೊಂಡವರು ಯಾರು? ಅವಳ ಮಾವ! ವೈದ್ಯರಾಗಿದ್ದ ಯೂಜೀನ್ ಕ್ಯೂರಿ ಹೆಂಡತಿಯನ್ನು ಕಳೆದುಕೊಂಡ ಮೇಲೆ ಮಗ ಸೊಸೆಯ ಮನೆಗೇ ಬಂದರು, ಮೊಮ್ಮಗಳನ್ನು ಆಡಿಸಿ ಬೆಳೆಸಿದರು. 1906ರಲ್ಲಿ ಮಗ ಪಿಯರ್ ಅಪಘಾತದಲ್ಲಿ ತೀರಿಕೊಂಡಾಗಲೂ ಆ ಹಿರಿಯ ಜೀವ ಸೊಸೆಯ ಕೈಬಿಡಲಿಲ್ಲ. ಐರೀನ್ 1935ರಲ್ಲಿ ತಾನೂ ನೊಬೆಲ್ ಪಡೆದಳು. ಬಹುಮಾನದ ಪಟ್ಟಿಯಲ್ಲಿ ತಾತನ ಹೆಸರಿಲ್ಲ. ಆದರೆ ತಾತನಿಲ್ಲದೆ ಆ ಪಟ್ಟಿ ಹೀಗಿರುತ್ತಿತ್ತೇ?

ನಮ್ಮ ಕನ್ನಡದಲ್ಲೇ ಕಮಲಾ ಹಂಪನಾ ಅವರಿದ್ದರು. ದೇವನಹಳ್ಳಿಯಲ್ಲಿ ಹುಟ್ಟಿದ ಹುಡುಗಿ ಕನ್ನಡ ಅಧ್ಯಾಪಕಿಯಾಗಿ, ಮಕ್ಕಳನ್ನು ಬೆಳೆಸುತ್ತಲೇ ‘ತುರಂಗ ಭಾರತ’ದ ಮೇಲೆ ಪಿಎಚ್.ಡಿ. ಮಾಡಿ, 2003ರಲ್ಲಿ ಮೂಡಬಿದಿರೆಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾದರು. ಅವರ ಪತಿ ಹಂಪ ನಾಗರಾಜಯ್ಯನವರೂ ವಿದ್ವಾಂಸರೇ. ಎರಡು ಮೇಜಿನಲ್ಲಿ ಓದು ನಡೆಯುತ್ತಿದ್ದ ಮನೆ ಅದು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೆಂಗಸಿಗೆಂದು ಒಂದು ಮೇಜಿದೆ, ಯೋಚಿಸಿ.

ಇನ್ನು ನಮ್ಮ ತಾಲ್ಲೂಕಿನ ಹೆಮ್ಮೆ, ದಬ್ಬೆ ಗ್ರಾಮದ ವಿಜಯಾ ದಬ್ಬೆ. 1951ರಲ್ಲಿ ಇಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಿಯಾದವರು, ಕವಯಿತ್ರಿ. ಹೆಂಗಸರ ಕಣ್ಣಿನಿಂದ ಕನ್ನಡ ಸಾಹಿತ್ಯವನ್ನು ಓದುವುದನ್ನು ನಮಗೆ ಕಲಿಸಿದರು. ಮೈಸೂರಿನಲ್ಲಿ ಸಮತಾ ಅಧ್ಯಯನ ಕೇಂದ್ರ ಕಟ್ಟಿದರು. 2018ರಲ್ಲಿ ಅಗಲಿದರು. ದಬ್ಬೆಯಿಂದ ಮಾನಸಗಂಗೋತ್ರಿಯವರೆಗೆ ದಾರಿ ಇದೆ ಎಂದು ತೋರಿಸಿದವರು ಅವರು.

ಟ್ರಂಕಿನಲ್ಲಿದ್ದ ನಾಲ್ಕು ವರ್ಷ

ಇದೆಲ್ಲ ದೊಡ್ಡವರ ಮಾತಾಯಿತು ಎನ್ನಬೇಡಿ. ನನ್ನದೂ ಕೇಳಿ.

ನಾನು ಮೊದಲು ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದು 2004ರಲ್ಲಿ, ಮಗಳಿಗೆ ಎರಡು ವರ್ಷ. ವಿಷಯ, ನಮ್ಮ ಭಾಗದ ಶಾಸನಗಳಲ್ಲಿ ಬರುವ ದಾನಿ ಹೆಂಗಸರು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು ಸಿಕ್ಕ ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನದು. ಚೆನ್ನಕೇಶವನ ಗುಡಿಯ ಆವರಣದಲ್ಲೇ ಶಾಂತಲೆ ನಿಲ್ಲಿಸಿದ ಚೆನ್ನಿಗರಾಯನಿದ್ದಾನೆ. ಇಂಥ ಊರಿಗೆ ಸೊಸೆಯಾಗಿ ಬಂದು ಶಾಸನ ಓದದಿದ್ದರೆ ಹೇಗೆ ಎಂಬ ಹುಮ್ಮಸ್ಸು ನನಗೆ. ಒಂದೊಂದು ಶಾಸನಕ್ಕೆ ಒಂದೊಂದು ಕಾರ್ಡು ಬರೆದು ಜೋಡಿಸುತ್ತಿದ್ದೆ.

ಕೆಲಸ ಯಾರಿಗೂ ಹೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ಎಲ್ಲರೂ ಮಲಗಿದ ಮೇಲೆ ಓದುವುದು, ಎಲ್ಲರೂ ಏಳುವ ಮೊದಲು ಏಳುವುದು. ಯಾರಿಂದಲೂ ಒಂದು ಮಾತು ಬರಬಾರದು ಎಂಬ ಹಟ. 2006ರಲ್ಲಿ ಮಗ ಹುಟ್ಟಿದ. ಅಲ್ಲಿಗೆ ಹಟ ಮುರಿಯಿತು. ಶುಲ್ಕ ಕಟ್ಟುವ ದಿನ ಮರೆತೆ, ವರದಿ ಕಳಿಸಲಿಲ್ಲ. ನೋಂದಣಿ ರದ್ದಾಯಿತೆಂದು ಒಂದು ಕಾಗದ ಬಂತು. ಕಾರ್ಡುಗಳನ್ನೆಲ್ಲ ಟ್ರಂಕಿಗೆ ತುಂಬಿ ಅಟ್ಟಕ್ಕೆ ಏರಿಸಿದೆ. ಆ ರಾತ್ರಿ ಅತ್ತದ್ದು ಕೂಡ ಯಾರಿಗೂ ಗೊತ್ತಾಗದ ಹಾಗೆಯೇ.

2010ರ ಯುಗಾದಿಗೆ ಮನೆ ಧೂಳು ಹೊಡೆಯುವಾಗ ಟ್ರಂಕು ಕೆಳಗಿಳಿಯಿತು. ಅತ್ತೆ ಮುಚ್ಚಳ ತೆರೆದರು. ನಾಲ್ಕನೇ ಕ್ಲಾಸಿನವರೆಗೆ ಓದಿದ ಹೆಂಗಸು. ಒಂದು ಕಾರ್ಡು ಕೈಗೆತ್ತಿಕೊಂಡು ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಅದರಲ್ಲಿದ್ದದ್ದು ಅವರ ತವರೂರಿನ ಹೆಸರು!

“ಏನೇ ಇದು? ನಮ್ಮೂರಿನ ಹೆಂಗಸೊಬ್ಳು ದೇವಸ್ಥಾನದ ದೀಪಕ್ಕೆ ಹೊಲ ಬಿಟ್ಟಿದ್ಳು ಅಂತ ಬರ್ದಿದೀಯ?”

“ಹೌದು ಅತ್ತೆ, ಎಂಟುನೂರು ವರ್ಷದ ಹಿಂದೆ.”

“ಎಂಟುನೂರು ವರ್ಷ ಕಲ್ಲಲ್ಲಿ ಉಳಿದದ್ದನ್ನ ನೀನು ಗೆದ್ದಲಿಗೆ ಹಾಕಿದೀಯಲ್ಲೇ! ನಂಗೆ ಒಂದು ಮಾತು ಹೇಳಬಾರದಾಗಿತ್ತಾ?”

ಹೇಳಬಾರದಾಗಿತ್ತಾ! ಆರು ವರ್ಷದಲ್ಲಿ ಆ ಒಂದು ಮಾತನ್ನೇ ನಾನು ಹೇಳಿರಲಿಲ್ಲ. ಬೆಳಗಿನ ಅಡಿಗೆ ನನ್ನದು ಎಂದು ಅತ್ತೆ ಅಂದೇ ಹೇಳಿಬಿಟ್ಟರು. ನಮ್ಮ ಯಜಮಾನರ ಕಡೆ ತಿರುಗಿ, “ರಾತ್ರಿದು ನಿಂದು ಕಣೋ” ಅಂದರು. ಹಾಲು ಕಾಯಿಸಲೂ ಬಾರದ ಮನುಷ್ಯ ಮೊದಲ ವಾರ ಮಾಡಿದ ಉಪ್ಪಿಟ್ಟನ್ನು ಗೋಡೆಗೆ ಪೋಸ್ಟರ್ ಅಂಟಿಸಲು ಬಳಸಬಹುದಿತ್ತು. ಮೂರು ತಿಂಗಳಿಗೆ ಬಸ್ಸಾರು ಕೂಡ ಕಲಿತರು. ನಾನು ಮತ್ತೆ ಹೊಸದಾಗಿ ನೋಂದಾಯಿಸಿದೆ.

ಎಲ್ಲ ಸುಖವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. 2012ರಲ್ಲಿ ಒಂದು ದಿನ ಮೈಸೂರಿನ ಲೈಬ್ರರಿಯಲ್ಲಿದ್ದೆ. ಇಲ್ಲಿ ಮಗ ಆಟವಾಡುತ್ತ ಬಿದ್ದು ಕೈ ಮುರಿದುಕೊಂಡ. ಸುದ್ದಿ ತಿಳಿದು ಬಸ್ಸು ಹಿಡಿದು ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಕಟ್ಟು ಹಾಕಿಸಿಕೊಂಡು ಮಲಗಿದ್ದ. ಆಸ್ಪತ್ರೆಯಲ್ಲಿ “ಅಜ್ಜೀ ಅಜ್ಜೀ” ಎಂದೇ ಅತ್ತನಂತೆ, ಒಮ್ಮೆಯೂ ಅಮ್ಮ ಎನ್ನಲಿಲ್ಲವಂತೆ. ಕೈ ಮುರಿದದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಚುಚ್ಚಿತು. ಹಿತ್ತಿಲಲ್ಲಿ ನಿಂತು ಅಳುತ್ತಿದ್ದಾಗ ಅತ್ತೆ ಬಂದರು. “ಮಗೂಗೆ ಕರೆಯೋಕೆ ಇನ್ನೊಂದು ಹೆಸರು ಸಿಕ್ತು ಅಂತ ಯಾರಾದ್ರೂ ಅಳ್ತಾರೇನೇ?” ಎಂದರು. ಆ ಮಾತಿನಿಂದ ನೋವು ಹೋಗಲಿಲ್ಲ. ಆದರೆ ಮರುವಾರ ಮತ್ತೆ ಮೈಸೂರಿನ ಬಸ್ಸು ಹತ್ತಲು ಧೈರ್ಯ ಬಂತು.

ಕಾಯಿದೆ ಏನು ಹೇಳುತ್ತದೆ?

ನಮ್ಮ ಕಾಲದಲ್ಲಿ ಇಲ್ಲದ ಕೆಲವು ಅನುಕೂಲಗಳು ಈಗ ಇವೆ. ತಿಳಿದಿರಲಿ.

ಪಿಎಚ್.ಡಿ.ಗೆ ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು. ಯು.ಜಿ.ಸಿ.ಯ 2022ರ ನಿಯಮದಂತೆ ಹೆಂಗಸರಿಗೆ ಅದರ ಮೇಲೆ ಮತ್ತೆರಡು ವರ್ಷ, ಅಂದರೆ ಒಟ್ಟು 10 ವರ್ಷದವರೆಗೆ ಅವಕಾಶವಿದೆ. ಬಾಣಂತನಕ್ಕೆ, ಮಗುವಿನ ಪಾಲನೆಗೆ ಒಟ್ಟು 240 ದಿನಗಳವರೆಗೆ ರಜೆ ಕೇಳಬಹುದು. ಕೆಲಸದಲ್ಲಿದ್ದುಕೊಂಡು ಅರೆಕಾಲಿಕವಾಗಿ ಮಾಡುವುದಕ್ಕೂ ದಾರಿಯಿದೆ.

ಹೆರಿಗೆ ಸೌಲಭ್ಯ ಕಾಯಿದೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 26 ವಾರವಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಹಾಗೇ ಉಳಿದಿದೆ. ರಾಜ್ಯ ಸರ್ಕಾರಿ ನೌಕರಿಯ ತಾಯಂದಿರಿಗೆ 2021ರಿಂದ ಆರು ತಿಂಗಳ ಶಿಶುಪಾಲನಾ ರಜೆಯೂ ಇದೆ.

ವಯಸ್ಸು ಮೀರಿತೆಂಬ ಚಿಂತೆಯೇ? ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಗೆ ಗರಿಷ್ಠ ವಯಸ್ಸಿನ ಮಿತಿಯೇ ಇಲ್ಲ. ಸಂಶೋಧನೆಯ ಫೆಲೋಶಿಪ್ಪಿಗೆ 30 ವರ್ಷದ ಮಿತಿಯಿದ್ದರೂ ಹೆಂಗಸರಿಗೆ 5 ವರ್ಷದ ವಿನಾಯಿತಿಯಿದೆ. ಇನ್ನು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಬೇಲೂರಿನಿಂದ ಹಾಸನದ ಹೇಮಗಂಗೋತ್ರಿಗೆ ದಿನಾ ಹೋಗಿಬರುವ ಹುಡುಗಿಗೆ ಇದು ಸಣ್ಣ ಉಪಕಾರವಲ್ಲ.

ಕಾಯಿದೆಯ ಬೆಳಕು ಬೀಳದ ಮೂಲೆಗಳೂ ಇವೆ. ನಮ್ಮ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯರಾಗಿ ದುಡಿಯುವ ಎಷ್ಟೋ ತಾಯಂದಿರಿಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬುದೇ ಚಿಂತೆ. ಅವರಿಗೆ ರಜೆ ಕೇಳುವುದೇ ಭಯ. ಇದು ಸರಿಹೋಗದ ಹೊರತು ಒಬ್ಬೊಬ್ಬ ತಾಯಿಯ ಜಾಣತನದಿಂದ ಎಲ್ಲವೂ ಆಗುವುದಿಲ್ಲ.

ಕೆಲವು ಕಿವಿಮಾತು

1. ಬಾಯಿ ಬಿಟ್ಟು ಹೇಳಿ. “ನನಗೆ ದಿನಕ್ಕೆ ಒಂದೂವರೆ ಗಂಟೆ ಬೇಕು, ಈ ಹೊತ್ತಿನಿಂದ ಈ ಹೊತ್ತಿನವರೆಗೆ” ಎಂದು ಲೆಕ್ಕ ಕೊಟ್ಟು ಕೇಳಿ. ‘ಸ್ವಲ್ಪ ಸಹಾಯ ಮಾಡಿ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

2. ನಿಮ್ಮ ವಿಷಯವೇನೆಂದು ಮನೆಯವರಿಗೆ ಅವರ ಮಾತಿನಲ್ಲಿ ಹೇಳಿ. ನನ್ನ ಅತ್ತೆಯನ್ನು ಗೆದ್ದದ್ದು ನಾನಲ್ಲ, ಅವರ ತವರೂರಿನ ಹೆಸರು!

3. ನಿಮ್ಮ ಹೊರೆಯನ್ನೆಲ್ಲ ವಯಸ್ಸಾದ ಅತ್ತೆಯ ಅಥವಾ ಅಮ್ಮನ ಬೆನ್ನಿಗೆ ಹೊರಿಸಬೇಡಿ. ಅವರ ಮಂಡಿಗೂ ನೋವಿದೆ. ಗಂಡನ ಪಾಲು ಗಂಡನಿಗಿರಲಿ. ಹತ್ತು ದಾಟಿದ ಮಗ ತನ್ನ ತಟ್ಟೆ ತಾನೇ ತೊಳೆಯಲಿ.

4. ಮನೆಯಲ್ಲಿ ಹಿರಿಯರಿಲ್ಲದಿದ್ದರೆ ಪಕ್ಕದ ಮನೆಯಿದೆ. ಅವರ ಮಗುವಿಗೆ ನೀವು ಪಾಠ ಹೇಳಿ, ನಿಮ್ಮ ಮಗುವನ್ನು ಅವರು ಎರಡು ಗಂಟೆ ನೋಡಿಕೊಳ್ಳಲಿ. ಮೂರು ತುಂಬಿದ ಮಗುವಿಗೆ ಅಂಗನವಾಡಿಯಿದೆ. ಕೊಡುಕೊಳ್ಳುವುದರಲ್ಲಿ ಸಂಕೋಚವೇಕೆ?

5. ಭಾನುವಾರ ಒಂದು ಗಂಟೆ ಕೊಟ್ಟರೆ ವಾರವಿಡೀ ಉಳಿತಾಯ. ಸಾರಿನ ಪುಡಿ, ಚಟ್ನಿಪುಡಿ ಮಾಡಿಡಿ. ಹುಣಸೆಹಣ್ಣು ಕಿವುಚಿ ಗಟ್ಟಿ ರಸವನ್ನು ಉಪ್ಪು ಹಾಕಿ ಕುದಿಸಿ ಆರಿಸಿ ಗಾಜಿನ ಶೀಸೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ಬೆಳಗಿನ ಸಾರು ಹತ್ತು ನಿಮಿಷದ ಕೆಲಸ.

6. ದಿನಕ್ಕೊಂದು ಕಾರ್ಡು. ಮಗುವಿಗೆ ಜ್ವರವಿದ್ದ ದಿನವೂ ಒಂದು ಕಾರ್ಡು ಬರೆಯಬಹುದು. ‘ಶೋಧಗಂಗಾ’ ಎಂಬ ತಾಣದಲ್ಲಿ ನಮ್ಮ ದೇಶದ ವಿಶ್ವವಿದ್ಯಾನಿಲಯಗಳ ಸಾವಿರಾರು ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ಫೋನಿನಲ್ಲೇ ಓದಬಹುದು.

7. ಶುಲ್ಕದ ದಿನ, ವರದಿಯ ದಿನ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಾಲಿನ ಲೆಕ್ಕದ ಪಕ್ಕದಲ್ಲೇ. ನಿಲ್ಲಿಸಲೇಬೇಕಾಗಿ ಬಂದರೆ ಅರ್ಜಿ ಕೊಟ್ಟು ರಜೆಯ ಮೇಲೆ ನಿಲ್ಲಿಸಿ. ನನ್ನ ಹಾಗೆ ಸುಮ್ಮನೆ ಬಿಟ್ಟುಬಿಡಬೇಡಿ.

2015ರಲ್ಲಿ ನನ್ನ ಪ್ರಬಂಧಕ್ಕೆ ಪದವಿ ಬಂತು. ಕೃತಜ್ಞತೆಯ ಪುಟದಲ್ಲಿ ಗೈಡಿನ ಹೆಸರಿಗಿಂತ ಮೊದಲು ಅತ್ತೆಯ ಹೆಸರು ಬರೆಸಿದ್ದೆ. ಪುಸ್ತಕ ಕೈಗೆ ಕೊಟ್ಟಾಗ ಕನ್ನಡಕ ಏರಿಸಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ ತಮ್ಮ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಮೆಲ್ಲಗೆ ಕೇಳಿದರು, “ಇದೂ ಒಂದು ಶಾಸನಾನೇ ಏನೇ?”

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಟ್ರಂಕು ಇರಬಹುದು. ಅರ್ಧಕ್ಕೆ ನಿಂತ ಎಂ.ಎ., ಬರೆಯದೆ ಉಳಿದ ಪರೀಕ್ಷೆ, ಹಳದಿಗಟ್ಟಿದ ನೋಟ್ಸು. ಈ ಸಲ ಧೂಳು ಹೊಡೆಯುವಾಗ ಅದನ್ನು ಕೆಳಗಿಳಿಸಿ. ಮುಚ್ಚಳವನ್ನು ಮಾತ್ರ ಒಬ್ಬರೇ ಇರುವಾಗ ತೆರೆಯಬೇಡಿ. ಮನೆಯವರೆಲ್ಲ ಇರುವಾಗ ತೆರೆಯಿರಿ.